ಮಡಿಕೇರಿಯ ಯುವ ವೃತ್ತಿಪರರ ಬಳಗಕ್ಕೆ ಹೋಗುತ್ತಿದ್ದೇನೆ, ಆದರೆ ಬಳಗದವಳಾಗುವುದು ಹೇಗೆ?

ಮರಳಿ ಮಡಿಕೇರಿಗೆ

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕಿ, ಜನರ ಬಾಯಲ್ಲಿ ಹೇಳುವುದಾದರೆ ಸಿ.ಎ. ಆರು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ತಂದೆಯವರ ಆರೋಗ್ಯ ಕೆಟ್ಟ ಮೇಲೆ ಕಳೆದ ವರ್ಷ ಊರಿಗೆ ಮರಳಿ, ಮಡಿಕೇರಿಯಲ್ಲಿ ಒಂದು ಕೋಣೆಯ ಕಚೇರಿ ತೆರೆದಿದ್ದೇನೆ. ಮನೆ ಇರುವುದು ನಾಪೋಕ್ಲು ಕಡೆಯ ದಾರಿಯಲ್ಲಿ, ಪಟ್ಟಣದಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ.

ಎರಡು ತಿಂಗಳ ಹಿಂದೆ ಪರಿಚಯದವರೊಬ್ಬರು ಇಲ್ಲಿನ ಯುವ ವೃತ್ತಿಪರರ ಬಳಗವೊಂದರ ಸಭೆಗೆ ಕರೆದುಕೊಂಡು ಹೋದರು. ತಿಂಗಳಿಗೆ ಎರಡು ಸಲ, ಸಂಜೆ ಏಳು ಗಂಟೆಗೆ, ಒಂದು ಹೋಟೆಲಿನ ಮಹಡಿಯ ಮೇಲಿನ ಕೋಣೆಯಲ್ಲಿ ಇಪ್ಪತ್ತೈದು ಜನ ಸೇರುತ್ತಾರೆ. ವೈದ್ಯರು, ಎಂಜಿನಿಯರುಗಳು, ಹೋಂಸ್ಟೇ ನಡೆಸುವವರು, ವಿಮೆಯ ಪ್ರತಿನಿಧಿಗಳು, ತಮ್ಮದೇ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಸ್ವಂತ ಹೆಸರಿನಲ್ಲಿ ಮಾರುವ ನನ್ನ ವಯಸ್ಸಿನ ನಾಲ್ಕೈದು ಮಂದಿ, ಹೀಗೆ ಎಲ್ಲ ಬಗೆಯವರೂ ಇದ್ದಾರೆ. ಎದ್ದು ನಿಂತು ಒಂದು ನಿಮಿಷ ಪರಿಚಯ ಹೇಳಿಕೊಂಡೆ. ಆಮೇಲೆ ತಿಂಡಿಯ ಹೊತ್ತಿಗೆ ಹಳಬರು ಮೂವರು ನಾಲ್ವರಂತೆ ಗುಂಪುಗೂಡಿ ನಿಂತರು, ನಾನು ಕಾಫಿ ಲೋಟ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿದ್ದೆ. ಬಂದು ಮಾತನಾಡಿಸಿದವರೆಲ್ಲರೂ ಅಕ್ಕರೆಯಿಂದಲೇ ಮಾತನಾಡಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರ ಮೊದಲ ಪ್ರಶ್ನೆ "ಯಾವ ಊರು, ಯಾರ ಮನೆ?" ಎಂಬುದೇ ಆಗಿತ್ತು. ಅದಕ್ಕೆ ಉತ್ತರ ಸಿಕ್ಕಿದ ಕೂಡಲೇ ನನ್ನ ಅಜ್ಜನ ವಿಷಯ, ಚಿಕ್ಕಪ್ಪನ ತೋಟದ ವಿಷಯ ಬಂತೇ ಹೊರತು ನಾನು ಏನು ಕೆಲಸ ಮಾಡುತ್ತೇನೆ ಎಂಬ ಮಾತು ಬರಲೇ ಇಲ್ಲ. ಎರಡನೆಯ ಸಭೆಯಲ್ಲೂ ಹೀಗೆಯೇ ಆಯಿತು.

ಈ ಬಳಗದಲ್ಲಿ ನಿಜವಾಗಿ ತೊಡಗಿಸಿಕೊಳ್ಳಬೇಕೆಂಬ ಆಸೆ ನನಗಿದೆ. ಊರಿನಲ್ಲಿ ನನ್ನ ವೃತ್ತಿಯ ಬಗ್ಗೆ ಮನಸ್ಸು ಬಿಚ್ಚಿ ಮಾತನಾಡಲು ಸಮವಯಸ್ಕರು ಯಾರೂ ಇಲ್ಲದಿರುವುದು ಅದಕ್ಕೆ ಮುಖ್ಯ ಕಾರಣ, ಕಕ್ಷಿದಾರರು ಸಿಗಲಿ ಎಂಬುದು ಎರಡನೆಯದು. ಸ್ವಭಾವತಃ ನಾನು ತಾನಾಗಿ ಹೋಗಿ ಮಾತಿಗಿಳಿಯುವವಳಲ್ಲ. ಸಭೆ ಮುಗಿಯುವಾಗ ಒಂಬತ್ತು ಗಂಟೆಯಾಗುತ್ತದೆ, ಮಳೆಗಾಲದಲ್ಲಿ ಆ ಹೊತ್ತಿಗೆ ಒಬ್ಬಳೇ ಸ್ಕೂಟರಿನಲ್ಲಿ ಮನೆಗೆ ಹೋಗುವುದೂ ಕಷ್ಟ. ಇಂಥ ಬಳಗಗಳಲ್ಲಿ ನಾಲ್ಕೈದು ವರ್ಷ ಕಳೆದವರು ಮೊದಲ ಆರು ತಿಂಗಳು ಏನು ಮಾಡಿದಿರಿ, ಅದರಿಂದ ಏನಾಯಿತು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕಣದ ಅಂಚು, ಗೋಣಿಕೊಪ್ಪ

ನಿಮ್ಮ ಪ್ರಶ್ನೆ ಓದುವಾಗ ಒಂಬತ್ತು ವರ್ಷಗಳ ಹಿಂದಿನ ನನ್ನ ಮೊದಲ ಸಭೆ ಕಣ್ಣ ಮುಂದೆ ಬಂತು. ನನ್ನದು ತೋಟಗಳಿಗೆ ಸ್ಪ್ರಿಂಕ್ಲರ್ ಮತ್ತು ಪಂಪ್‌ಸೆಟ್ ಅಳವಡಿಸಿ ದುರಸ್ತಿ ಮಾಡಿಕೊಡುವ ಕೆಲಸ. ಮೊದಲ ಮೂರು ಸಭೆಗಳಲ್ಲಿ ನಲವತ್ತಕ್ಕೂ ಹೆಚ್ಚು ವಿಸಿಟಿಂಗ್ ಕಾರ್ಡ್ ಹಂಚಿದ್ದೆ, ಒಂದೇ ಒಂದು ಫೋನ್ ಬರಲಿಲ್ಲ. ಬಿಟ್ಟುಬಿಡೋಣ ಎಂದುಕೊಂಡಿದ್ದಾಗ ಅಂದಿನ ಖಜಾಂಚಿಯವರು ಹಾಜರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇದನ್ನು ಯಾರೂ ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ನೀವು ನೋಡಿಕೊಳ್ಳಿ" ಎಂದರು. ಅದು ಹಸಿರು ರಟ್ಟಿನ ಒಂದು ಉದ್ದದ ಪುಸ್ತಕ, ಬೆನ್ನಿಗೆ ದಾರದಿಂದ ಕಟ್ಟಿದ ಪೆನ್ನು. ಹೆಸರಿಗೊಂದು ಅಂಕಣ, ಮೊಬೈಲ್ ಸಂಖ್ಯೆಗೊಂದು ಅಂಕಣ ಇತ್ತು. ನಾನು ಅಡಿಕೋಲು ಇಟ್ಟು ಮೂರನೆಯದೊಂದು ಅಂಕಣ ಎಳೆದು, ಮೇಲೆ "ಈ ಹದಿನೈದು ದಿನಗಳಲ್ಲಿ ನಿಮಗೆ ಏನು ಬೇಕಾಗಿದೆ?" ಎಂದು ಬರೆದೆ.

ಮುಂದಿನ ಸಭೆಯಲ್ಲಿ ಹೋಂಸ್ಟೇ ನಡೆಸುವವರೊಬ್ಬರು "ನಂಬಿಕೆಯ ಪ್ಲಂಬರ್" ಎಂದು ಬರೆದರು, ದಂತವೈದ್ಯರೊಬ್ಬರು "ಇನ್ವರ್ಟರ್ ಬ್ಯಾಟರಿ" ಎಂದು ಬರೆದರು, ಹೊಸದಾಗಿ ವರ್ಗವಾಗಿ ಬಂದಿದ್ದ ಬ್ಯಾಂಕಿನವರೊಬ್ಬರು "ಪೊನ್ನಂಪೇಟೆಯಲ್ಲಿ ಬಾಡಿಗೆ ಮನೆ" ಎಂದು ಬರೆದರು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಬ್ಬೊಬ್ಬರಿಗೂ ಫೋನ್ ಮಾಡಿ, ನನಗೆ ಗೊತ್ತಿದ್ದವರ ಸಂಖ್ಯೆ ಕೊಟ್ಟೆ, ಗೊತ್ತಿಲ್ಲದಿದ್ದರೆ ಯಾರಿಗೆ ಗೊತ್ತಿರಬಹುದೋ ಅವರ ಸಂಖ್ಯೆ ಕೊಟ್ಟೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನಾನು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಪುಸ್ತಕಕ್ಕಾಗಿ ಅವರೇ ನನ್ನ ಬಳಿ ಬರುತ್ತಿದ್ದರು. ಬಂದವರು ಬರೆದು ಮುಗಿಸಿ, "ಹೌದು, ನಮ್ಮ ತೋಟದ ಪಂಪ್ ಒಂದು ಶಬ್ದ ಮಾಡುತ್ತಿದೆ" ಎಂದು ಮಾತು ಮುಂದುವರಿಸುತ್ತಿದ್ದರು. ತಾನಾಗಿ ಹೋಗಿ ಮಾತಿಗಿಳಿಯಲಾರದವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಆದ್ದರಿಂದ ಮುಂದಿನ ಸಭೆಗೆ ಹೋದಾಗ ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ಕಂಡು, ಯಾರೂ ಬಯಸದ ಒಂದು ಸಣ್ಣ ಕೆಲಸವನ್ನು ಕೇಳಿ ಪಡೆಯಿರಿ. ಪ್ರತಿ ಸಭೆಯಲ್ಲೂ ಇರುವ ಕೆಲಸವಾಗಿರಲಿ, ವರ್ಷಕ್ಕೊಮ್ಮೆ ಬರುವ ಕಾರ್ಯಕ್ರಮದ ಹೊಣೆ ಬೇಡ.

ಎರಡನೆಯದಾಗಿ, ನಮ್ಮ ಜಿಲ್ಲೆಯ ಬಳಗಗಳು ತೋಟದ ಕಾಲಮಾನಕ್ಕೆ ತಕ್ಕಂತೆ ನಡೆಯುತ್ತವೆ ಎಂಬುದನ್ನು ಹೊರಗಿನಿಂದ ಬಂದ ಮಾರ್ಗಸೂಚಿಗಳು ಹೇಳುವುದಿಲ್ಲ. ಡಿಸೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಬಿರುಸಾದರೆ, ಅದರ ಬೆನ್ನಿಗೇ ರೋಬಸ್ಟಾ ಬರುತ್ತದೆ, ಅದು ಮುಗಿಯುವಾಗ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಚಿಂತೆ ಶುರುವಾಗುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿಸುವವರು ಹಗಲು ರಾತ್ರಿ ಫೋನ್ ಮಾಡುತ್ತಾರೆ. ಆ ಮೂರು ನಾಲ್ಕು ತಿಂಗಳು ಸಭೆಗೆ ಹತ್ತು ಜನ ಬಂದರೆ ಹೆಚ್ಚು. ಅದನ್ನು ನೋಡಿ ಬಳಗ ಸತ್ತುಹೋಯಿತೆಂದು ಹೊಸಬರು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಆ ಹತ್ತು ಜನರ ಸಭೆಗಳಲ್ಲೇ ನಿಜವಾದ ಮಾತುಕತೆ ನಡೆಯುವುದು.

ನನ್ನ ಮಟ್ಟಿಗೆ ಬಳಗದ ಬೆಲೆ ತಿಳಿದದ್ದು 2018ರ ಆಗಸ್ಟಿನಲ್ಲಿ. ಗುಡ್ಡಗಳು ಕುಸಿದು, ರಸ್ತೆಗಳು ತುಂಡಾಗಿ, ಪರಿಹಾರ ಕೇಂದ್ರಗಳಿಗೆ ಜನರು ಉಟ್ಟ ಬಟ್ಟೆಯಲ್ಲೇ ಬಂದಾಗ, ಆ ಹಸಿರು ಪುಸ್ತಕವೇ ನಮ್ಮ ಕೈಗೆ ಬಂತು. ಯಾರ ಬಳಿ ಜೀಪ್ ಇದೆ, ಯಾರು ಔಷಧ ಅಂಗಡಿಯವರು, ಯಾರ ಮನೆಯಲ್ಲಿ ಜನರೇಟರ್ ಇದೆ ಎಂಬುದೆಲ್ಲ ಅದರಲ್ಲಿತ್ತು. ಮಳೆಗೆ ನೆನೆದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅವುಗಳನ್ನು ಒಲೆಯ ಬಳಿ ಒಣಗಿಸಿ ಒಂದೊಂದಾಗಿ ಬಿಡಿಸಿದ್ದು ಇನ್ನೂ ನೆನಪಿದೆ. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿಗೆ ಇನ್ಸುಲಿನ್ ತಲುಪಿಸಲು ಆ ದಿನ ನಾಲ್ಕು ಜನರ ಕೈ ಬದಲಾಯಿತು, ಆ ನಾಲ್ವರೂ ಪರಸ್ಪರ ಪರಿಚಯವಾದದ್ದು ನಮ್ಮ ಸಭೆಯಲ್ಲೇ.

"ಯಾರ ಮನೆ?" ಎಂಬ ಪ್ರಶ್ನೆಗೆ ಬೇಸರಿಸಬೇಡಿ. ಉತ್ತರ ಕೊಟ್ಟು, ಅದೇ ಉಸಿರಿನಲ್ಲಿ ನಿಮ್ಮ ಕೆಲಸವನ್ನೂ ಜೋಡಿಸಿ. "ಇಂಥವರ ಮೊಮ್ಮಗಳು, ಈಗ ಮಡಿಕೇರಿಯಲ್ಲಿ ಕಾಫಿಪುಡಿ ವ್ಯಾಪಾರ ಮಾಡುವವರ ತೆರಿಗೆ ಲೆಕ್ಕ ನೋಡಿಕೊಡುತ್ತೇನೆ" ಎಂದರೆ ಮಾತು ತಾನಾಗಿಯೇ ತಿರುಗುತ್ತದೆ.

ವಿರಾಜಪೇಟೆಯ ವಕೀಲ

ಮೇಲಿನ ಸಲಹೆಗಳನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ನಿಮ್ಮ ವೃತ್ತಿಗೂ ನನ್ನ ವೃತ್ತಿಗೂ ಇರುವ ಒಂದು ಕಟ್ಟುಪಾಡನ್ನು ಇಲ್ಲಿ ಹೇಳಲೇಬೇಕು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ 36ನೆಯ ನಿಯಮವು ನಾವು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಕೇಳಿಕೊಂಡು ಹೋಗುವುದನ್ನು ನಿಷೇಧಿಸುತ್ತದೆ. 1949ರ ಲೆಕ್ಕಪರಿಶೋಧಕರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ನಿಮಗೂ ಅಂಥದೇ ನಿಷೇಧವಿದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಬಳಗದ ಉತ್ಸಾಹದಲ್ಲಿ ಮರೆತುಹೋಗುವುದು ಸುಲಭ.

ವೃತ್ತಿಪರರ ಬಳಗಗಳೆಲ್ಲ ಒಂದೇ ಬಗೆಯವಲ್ಲ. ಜೇಸಿಐ 18ರಿಂದ 40 ವರ್ಷದವರಿಗೆ ಮೀಸಲಾದದ್ದು, ಅಲ್ಲಿ ನಾಯಕತ್ವದ ತರಬೇತಿಗೆ ಮತ್ತು ಭಾಷಣ ಕಲಿಕೆಗೆ ಹೆಚ್ಚಿನ ಒತ್ತು. ರೋಟರಿಯ ಯುವ ಶಾಖೆಯಾದ ರೋಟರಾಕ್ಟ್ 1968ರಲ್ಲಿ ಶುರುವಾದದ್ದು, ಸೇವಾ ಕಾರ್ಯವೇ ಅದರ ನಡುಗಂಬ, ಹಿಂದೆ ಇದ್ದ 30 ವರ್ಷದ ಮಿತಿಯನ್ನು 2020ರಲ್ಲಿ ತೆಗೆದುಹಾಕಿದ್ದಾರೆ. ಇವುಗಳಲ್ಲಿ ನಮ್ಮಂಥವರಿಗೆ ಯಾವ ತೊಡಕೂ ಇಲ್ಲ. ಇನ್ನೊಂದು ಬಗೆಯ ಬಳಗಗಳಲ್ಲಿ ಒಂದು ವೃತ್ತಿಗೆ ಒಬ್ಬರೇ ಸದಸ್ಯರಿದ್ದು, ವಾರವಾರವೂ ಸೇರಿ, ಯಾರು ಯಾರಿಗೆ ಎಷ್ಟು ವ್ಯಾಪಾರ ಒದಗಿಸಿಕೊಟ್ಟರು ಎಂಬುದನ್ನು ಲೆಕ್ಕವಿಡುತ್ತಾರೆ. ಪಂಪ್‌ಸೆಟ್ ಮಾರುವವರಿಗೆ, ಒಳಾಂಗಣ ವಿನ್ಯಾಸ ಮಾಡುವವರಿಗೆ ಅದರಿಂದ ಬಹಳ ಪ್ರಯೋಜನವಿದೆ. ಸಿ.ಎ. ಮತ್ತು ವಕೀಲರು ಮಾತ್ರ ಅಲ್ಲಿ ಹೆಜ್ಜೆ ನೋಡಿ ಇಡಬೇಕು. ಕಕ್ಷಿದಾರರನ್ನು ಕಳುಹಿಸಿಕೊಟ್ಟವರಿಗೆ ಶುಲ್ಕದಲ್ಲಿ ಪಾಲು ಕೊಡುವ ಮಾತಂತೂ ನಿಮ್ಮ ಕಿವಿಗೂ ಬೀಳಬಾರದು.

ಹಾಗೆಂದು ಸುಮ್ಮನಿರಬೇಕೆಂದಲ್ಲ. ಕೆಲಸ ಕೇಳುವುದು ಬೇರೆ, ತಿಳಿದದ್ದನ್ನು ಹತ್ತು ಜನರಿಗೆ ತಿಳಿಸುವುದು ಬೇರೆ. ನಿಮ್ಮ ಬಳಗದಲ್ಲಿ ಸ್ವಂತ ಕಾಫಿಪುಡಿ ಮಾರುವ ಯುವಕರಿದ್ದಾರೆ ಎಂದಿರಿ. ಬೆಳೆಗಾರನು ತಾನು ಬೆಳೆದ ಕಾಫಿಯನ್ನು ತಾನೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆದು ಬೀಜವನ್ನು ಹದಗೊಳಿಸಿ, ಮಾರಿದರೆ ಆ ಆದಾಯದಲ್ಲಿ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ವ್ಯಾಪಾರದ ಆದಾಯವೆಂದು ಪರಿಗಣಿತವಾಗಿ ಕೇಂದ್ರದ ಆದಾಯ ತೆರಿಗೆಗೆ ಒಳಪಡುತ್ತದೆ ಎಂಬ ನಿಯಮ ಅವರಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂಬ ಒಂದೇ ಮಾತನ್ನು ನಂಬಿ ಪ್ಯಾಕೆಟ್ ಮಾಡಿ ಮಾರಾಟಕ್ಕಿಳಿದು, ಆಮೇಲೆ ನೋಟಿಸ್ ಹಿಡಿದುಕೊಂಡು ನನ್ನ ಕಚೇರಿಗೆ ಬಂದವರನ್ನು ನೋಡಿದ್ದೇನೆ. ಇಪ್ಪತ್ತು ನಿಮಿಷ ಈ ಒಂದು ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ನಿಮ್ಮ ಕೆಲಸ ಏನೆಂಬುದು ಆಮೇಲೆ ಯಾರಿಗೂ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬಳಗ ನೋಂದಣಿಯಾಗಿದೆಯೇ ಎಂಬುದನ್ನೂ ವಿಚಾರಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಸಂಘ ನೋಂದಾಯಿಸಬಹುದು, ಆಮೇಲೆ ಪ್ರತಿ ವರ್ಷವೂ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ಸದಸ್ಯತ್ವದ ಹಣ ಯಾರದೋ ಸ್ವಂತ ಖಾತೆಗೆ ಹೋಗುತ್ತಿದ್ದರೆ ಅದು ಮುಂದೊಂದು ದಿನ ಸ್ನೇಹವನ್ನೇ ಕೆಡಿಸುತ್ತದೆ. ಅದನ್ನು ಸರಿಪಡಿಸಲು ನಿಮಗಿಂತ ಯೋಗ್ಯರು ಆ ಕೋಣೆಯಲ್ಲಿ ಇರಲಾರರು.

ಬೈಲುಗದ್ದೆ, ಕುಶಾಲನಗರ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎರಡು ವರ್ಷ ಒಂದು ಬಳಗಕ್ಕೆ ಹೋಗಿ ಬಿಟ್ಟವನು ನಾನು. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಮದುವೆ ಮನೆ, ಊರ ಹಬ್ಬ, ಸಮಾಜದ ವಾರ್ಷಿಕ ಸಭೆಗಳಲ್ಲೇ ಎಲ್ಲರೂ ಎಲ್ಲರಿಗೂ ಸಿಗುತ್ತಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಮೈದಾನದಲ್ಲಿ ಒಂದು ಮಧ್ಯಾಹ್ನ ಕುಳಿತರೆ ಆಗುವಷ್ಟು ಪರಿಚಯ ವರ್ಷವಿಡೀ ಸಭೆಗೆ ಹೋದರೂ ಆಗಲಿಲ್ಲ. ಇದಕ್ಕೆಂದೇ ಹಣ ಕಟ್ಟಿ, ರಾತ್ರಿ ಹೊತ್ತು ಓಡಾಡಬೇಕೇ ಎಂದು ಯೋಚಿಸಿ.

ಹೂಮಳೆ, ಸೋಮವಾರಪೇಟೆ

ಬೈಲುಗದ್ದೆಯವರು ಹೇಳಿದ ಸ್ಥಳಗಳಲ್ಲಿ ಸಿಗುವ ಆತ್ಮೀಯತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಾನೂ ಅದರಲ್ಲೇ ಬೆಳೆದವಳು. ಆದರೆ ಅಲ್ಲಿ ನಮಗೆ ಸಿಗುವವರು ಹೆಚ್ಚಾಗಿ ನಮ್ಮವರೇ, ಅವರಿಗೆ ಗೊತ್ತಿರುವ ಸುದ್ದಿ ನಮಗೂ ಆಗಲೇ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿದ ವಿವರವಿದೆ. ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ. 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರಿಂದ ತಿಳಿಯಿತು ಎಂದವರು ಶೇ. 56ರಷ್ಟು, ಇನ್ನುಳಿದವರದು ಅದಕ್ಕಿಂತಲೂ ದೂರದ ಪರಿಚಯ. ಹತ್ತಿರದವರು ಕಷ್ಟಕ್ಕೆ ಆಗುತ್ತಾರೆ, ಹೊಸ ಸುದ್ದಿ ಬರುವುದು ಮಾತ್ರ ಇನ್ನೊಂದು ವಲಯದಲ್ಲಿ ಓಡಾಡುವವರಿಂದ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಮಾತನಾಡುವವರೆಲ್ಲರೂ ಜಾತಿ, ಕುಲ ಕೇಳದೆ ಒಂದೇ ಮೇಜಿನ ಸುತ್ತ ಕುಳಿತು ಕನ್ನಡದಲ್ಲಿ ಕೆಲಸದ ಮಾತನಾಡುವ ಜಾಗ ನಮ್ಮಲ್ಲಿ ಎಷ್ಟಿವೆ? ನನ್ನ ಮಟ್ಟಿಗೆ ಬಳಗದ ಅಗತ್ಯ ಇರುವುದು ಇಲ್ಲಿಯೇ.

ನಾನು ಪಶುವೈದ್ಯೆ. ನಮ್ಮ ಬಳಗದಲ್ಲೂ ಸಂಜೆಯ ಸಭೆಗಳೇ ಇದ್ದವು, ಮಹಿಳೆಯರು ಮೂವರೇ ಇದ್ದೆವು, ಮಳೆಗಾಲ ಬಂತೆಂದರೆ ಮೂವರೂ ಗೈರು. ಒಂದು ವರ್ಷ ಸುಮ್ಮನಿದ್ದು, ಆಮೇಲೆ ಮೂವರೂ ಸೇರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಸಭೆಯನ್ನಾದರೂ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಡಿ ಎಂದು ಬರೆದುಕೊಟ್ಟೆವು. ಯಾರೂ ವಿರೋಧಿಸಲಿಲ್ಲ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ. ಬೆಳಗಿನ ಸಭೆಗೆ ದೂರದ ಊರಿನ ಗಂಡಸರೂ ಹೆಚ್ಚಾಗಿ ಬರತೊಡಗಿದರು, ಮಂಜು ಮುಸುಕಿದ ತಿರುವುಗಳಲ್ಲಿ ರಾತ್ರಿ ಗಾಡಿ ಓಡಿಸುವುದು ಅವರಿಗೂ ಇಷ್ಟವಿರಲಿಲ್ಲ. ನೀವೂ ಹೀಗೆ ಕೇಳಿ ನೋಡಿ. ಅದುವರೆಗೆ ನಿಮ್ಮ ದಾರಿಯಲ್ಲೇ ಕಾರಿನಲ್ಲಿ ಹೋಗುವ ಸದಸ್ಯರು ಯಾರಿದ್ದಾರೆಂದು ವಿಚಾರಿಸಿ, ಮೂರ್ನಾಡಿನ ಕಡೆಗೆ ಹೋಗುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ನನಗೆ ಬಳಗದಲ್ಲಿ ಸಿಕ್ಕ ಅತ್ಯಂತ ಗಟ್ಟಿ ಸ್ನೇಹ ಸಭೆಯಲ್ಲಿ ಆದದ್ದಲ್ಲ, ಸಭೆಯಿಂದ ಮನೆಗೆ ಹೋಗುವ ಕಾರಿನ ಅರ್ಧ ಗಂಟೆಯಲ್ಲಿ ಆದದ್ದು.

ಮರಳಿ ಮಡಿಕೇರಿಗೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆಯ ಸಭೆಯ ವಿಷಯ ತಿಳಿಸಬೇಕೆಂದು ಮತ್ತೆ ಬರೆಯುತ್ತಿದ್ದೇನೆ.

ಅರ್ಧ ಗಂಟೆ ಮೊದಲೇ ಹೋಗಿ ಕಾರ್ಯದರ್ಶಿಯವರನ್ನು ಕಂಡು ಯಾವುದಾದರೂ ಕೆಲಸವಿದ್ದರೆ ಕೊಡಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಕಪಾಟಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದುಕೊಟ್ಟರು. ಅದರೊಳಗೆ ಎರಡು ವರ್ಷಗಳ ರಸೀದಿಗಳು, ಹೋಟೆಲಿನ ಬಿಲ್ಲುಗಳು, ರಬ್ಬರ್ ಬ್ಯಾಂಡ್ ಹಾಕಿದ ಚಿಲ್ಲರೆ ನೋಟುಗಳು ಇದ್ದವು. ವಕೀಲರು ಹೇಳಿದ ಮಾತು ಕೂಡಲೇ ನೆನಪಾಯಿತು. ಬಳಗ ನೋಂದಣಿಯಾಗಿದೆ, ಆದರೆ ಕಳೆದ ವರ್ಷದ ಲೆಕ್ಕಪತ್ರ ಸಲ್ಲಿಕೆಯಾಗಿಲ್ಲ. ಅದನ್ನು ಸಿದ್ಧಪಡಿಸಿಕೊಡುವುದಾಗಿ ಒಪ್ಪಿಕೊಂಡಿದ್ದೇನೆ. ತಿಂಡಿಯ ಹೊತ್ತಿಗೆ ನಾನು ಮೂಲೆಯ ಮೇಜಿನ ಮೇಲೆ ಬಿಲ್ಲುಗಳನ್ನು ತಿಂಗಳವಾರು ಜೋಡಿಸುತ್ತಿದ್ದೆ. ಒಬ್ಬೊಬ್ಬರಾಗಿ ಬಂದು, "ಈ ಬಿಲ್ಲು ನಾನು ಕಟ್ಟಿದ್ದು", "ಇದು ಹುತ್ತರಿಯ ಹೊತ್ತಿನ ಊಟದ್ದು" ಎಂದು ವಿವರಿಸತೊಡಗಿದರು. ಇಡೀ ಸಂಜೆ ನಾನೊಬ್ಬಳೇ ಇದ್ದ ಗಳಿಗೆಯೇ ಇರಲಿಲ್ಲ. ಹೋಂಸ್ಟೇ ನಡೆಸುವ ದಂಪತಿ ಮೂರ್ನಾಡಿನ ಮೂಲಕವೇ ಹೋಗುವವರು, ಇನ್ನು ಮುಂದೆ ಜೊತೆಗೆ ಕರೆದುಕೊಂಡು ಹೋಗುವುದಾಗಿ ಅವರೇ ಹೇಳಿದರು.

ಕಾಫಿ ಆದಾಯದ ತೆರಿಗೆಯ ಬಗ್ಗೆ ಮಾತನಾಡಲೂ ಒಪ್ಪಿದ್ದೇನೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ನನಗೆ ಲೆಕ್ಕಪರಿಶೋಧನೆಯ ವರದಿಗಳ ಗಡುವಿನ ಕಾಲ, ಅದಾದ ಮೇಲೆ ಎಲ್ಲರಿಗೂ ಕೊಯ್ಲು. ಆದ್ದರಿಂದ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲು, ಆಗಸ್ಟಿನ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ನಿಗದಿಯಾಗಿದೆ. ಬೆಳಗಿನ ಸಭೆಯ ಸಲಹೆಗೆ ಸೋಮವಾರಪೇಟೆಯ ಅಕ್ಕನಿಗೆ ವಿಶೇಷ ವಂದನೆ. ಒಂದೇ ಒಂದು ಸಂದೇಹ ಉಳಿದಿದೆ. ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಹಾಕಿ ತೋರಿಸಬೇಕೇ, ಬರಿಯ ಮಾತು ಸಾಕೇ?

ಕಣದ ಅಂಚು, ಗೋಣಿಕೊಪ್ಪ

ಓದಿ ಬಹಳ ಸಂತೋಷವಾಯಿತು. ಆಗಸ್ಟಿನಲ್ಲಿ ಕರೆಂಟನ್ನು ನಂಬಬೇಡಿ, ಪ್ರೊಜೆಕ್ಟರ್ ಇಟ್ಟುಕೊಂಡು ಕತ್ತಲೆಯಲ್ಲಿ ಕುಳಿತ ಸಭೆಗಳನ್ನು ಕಂಡಿದ್ದೇನೆ. ಒಂದು ದೊಡ್ಡ ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಿಂದ ಒಬ್ಬ ಬೆಳೆಗಾರನ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಬರೆದು ತೋರಿಸಿ. ಹಣ್ಣನ್ನು ಹಾಗೆಯೇ ಒಣಗಿಸಿ ಚೆರಿಯಾಗಿ ಮಾರಿದರೆ ಎಷ್ಟು, ಕ್ಯೂರಿಂಗ್ ಮಾಡಿಸಿ ಮಾರಿದರೆ ಎಷ್ಟು, ಪುಡಿ ಮಾಡಿ ಮಾರಿದರೆ ಎಷ್ಟು ಎಂಬುದು ಪಕ್ಕಪಕ್ಕದಲ್ಲೇ ಕಾಣಲಿ. ಅದೇ ಲೆಕ್ಕದ ಮೂವತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಬಂದವರು ಮನೆಗೆ ಒಯ್ಯುವಂತೆ ಬಾಗಿಲ ಬಳಿ ಇಡಿ, ವಕೀಲರು ಹೇಳಿದ ಕಟ್ಟುಪಾಡು ಇರುವುದರಿಂದ ಅದರ ಮೇಲೆ ನಿಮ್ಮ ಫೋನ್ ಸಂಖ್ಯೆ ಮಾತ್ರ ಬೇಡ. ಆ ಭಾನುವಾರ ನಮ್ಮ ಕಡೆಯಿಂದ ಪುಡಿ ವ್ಯಾಪಾರದ ಮೂವರು ಹುಡುಗರನ್ನು ಕರೆದುಕೊಂಡು ನಾನೂ ಬರುತ್ತೇನೆ, ನಾಲ್ಕು ಕುರ್ಚಿ ಹೆಚ್ಚು ಹಾಕಿಸಿ.